ವೀಕ್ಷಕ ವಿವರಣೆ ಯಾರ ಸ್ವತ್ತು?

ದೇವನಹಳ್ಳಿಯ ಚಕ್ಕೋತದ ತೋಟದಲ್ಲಿ ಪಾತಿ ಬಿಡಿಸುವವನಿಗೆ, ಹೊಸಕೋಟೆಯ ದಾರಿಯಲ್ಲಿ ಲಾರಿ ನಡೆಸುವವನಿಗೆ, ದೊಡ್ಡಬಳ್ಳಾಪುರದಲ್ಲಿ ಮಗ್ಗ ನಿಲ್ಲಿಸಿ ಹರಿದ ಎಳೆ ಸೇರಿಸುವವನಿಗೆ ಒಂದು ಸಮಾನ ಕಷ್ಟವಿದೆ: ಕಣ್ಣು ಕೆಲಸದ ಮೇಲಿರಬೇಕು, ಬಿಡುವಿರುವುದು ಕಿವಿಗೆ ಮಾತ್ರ. ಇಂಥವರ ಪಾಲಿಗೆ ಕ್ರಿಕೆಟ್ ಎಂದರೆ ಒಂದು ಧ್ವನಿ. ಆ ಧ್ವನಿ ಕನ್ನಡದ್ದಾಗಿರಬೇಕು, ಬಲ್ಲವರದಾಗಿರಬೇಕು ಎಂದರೆ ಪಟ್ಟಣದ ಕೆಲವು ಮಹನೀಯರು ನಗುತ್ತಾರೆ. “ಚಿತ್ರ ಕಣ್ಣೆದುರಿಗೇ ಇದೆಯಲ್ಲ ಸ್ವಾಮಿ, ಮಾತು ಯಾರದಾದರೇನು?” ಈ ನಗೆಗೆ ಉತ್ತರ ಹೇಳಬೇಕಾಗಿದೆ.

1934ರಲ್ಲಿ ಮುಂಬಯಿಯ ಕ್ವಾಡ್ರಾಂಗ್ಯುಲರ್ ಪಂದ್ಯದಿಂದ ಎ.ಎಫ್.ಎಸ್. ತಲ್ಯಾರ್‌ಖಾನ್ ಬಾನುಲಿಗಾಗಿ ಆಟವನ್ನು ಬಣ್ಣಿಸತೊಡಗಿದರು. ಹಗಲೆಲ್ಲ ಒಬ್ಬರೇ ಮಾತನಾಡುತ್ತಿದ್ದರು. 1948-49ರಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ಬಾನುಲಿಯವರು ಮೈಕನ್ನು ಹಲವರಿಗೆ ಹಂಚಲು ಹೊರಟರು. ತಾವು ಹಂಚಿಕೊಳ್ಳುವವರಲ್ಲವೆಂದು ತಲ್ಯಾರ್‌ಖಾನ್ ಹೊರಬಂದರು. ಅದು ಹಟ, ಒಪ್ಪೋಣ. ಆದರೆ ಆ ಹಟದ ಹಿಂದೆ ಒಂದು ಅಭಿಮಾನವಿತ್ತು: ವೀಕ್ಷಕ ವಿವರಣೆ ಸ್ವತಂತ್ರ ವಿದ್ಯೆ, ಯಾರ ಬಾಲವೂ ಅಲ್ಲ. ಅವರು ಟೆಸ್ಟ್ ಆಟಗಾರರಾಗಿರಲಿಲ್ಲ, ಪತ್ರಕರ್ತರು. 1990ರಲ್ಲಿ ಕಾಲವಾದರು, ಹೆಸರು ಇಂದಿಗೂ ಅಳಿದಿಲ್ಲ.

ಈ ಭಾಗ್ಯ ಇಂಗ್ಲಿಷಿಗೆ ಮಾತ್ರ ಮೀಸಲೇ? ಅಲ್ಲ. ಹಿಂದಿಯಲ್ಲಿ ವಿವರಣೆ ನೀಡಿದ ಇಂದೂರಿನ ಸುಶೀಲ್ ದೋಶಿಯವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಅಲ್ಲಿನ ಹೋಳ್ಕರ್ ಕ್ರೀಡಾಂಗಣದ ವಿವರಣಾ ಕೊಠಡಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಅವರೂ ಟೆಸ್ಟ್ ಆಡಿದವರಲ್ಲ.

ಇನ್ನು ನಮ್ಮ ಮನೆಯ ಕಡೆ ನೋಡೋಣ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಅದರ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. 1971ರಲ್ಲಿ ಓವಲ್ ಮೈದಾನದಲ್ಲಿ ನಮ್ಮ ಚಂದ್ರಶೇಖರ್ 38 ಓಟಗಳಿಗೆ 6 ಹುದ್ದರಿ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಬಾನುಲಿಗೆ ಹೆಸರು ಕೊಟ್ಟ ನಾಡು, ಚಂದ್ರಶೇಖರ್, ಪ್ರಸನ್ನ, ವಿಶ್ವನಾಥರನ್ನು ಕೊಟ್ಟ ನಾಡು. ಕನ್ನಡದ ವಿವರಣೆಗಾರರ ಹೆಸರು ಹೇಳಿರೆಂದರೆ ವಾಚಕರಲ್ಲಿ ಎಷ್ಟು ಮಂದಿ ತಡವರಿಸದೆ ಹೇಳಬಲ್ಲರು?

ಕನ್ನಡದಲ್ಲಿ ಪದಗಳಿಲ್ಲ ಎನ್ನುವುದು ಸುಳ್ಳು. ದಾಂಡು, ದಾಂಡಿಗ, ಎಸೆತ, ಹುದ್ದರಿ, ಓಟ, ಗೂಟ: ಇವನ್ನೆಲ್ಲ ಪತ್ರಿಕೆಗಳ ಕ್ರೀಡಾಪುಟ ಎಂದೋ ಬಳಕೆಗೆ ತಂದಿತು. ಬೌಂಡರಿ, ಸ್ಪಿನ್, ಎಲ್‌ಬಿಡಬ್ಲ್ಯು ಹಾಗೆಯೇ ಇರಲಿ, ಯಾರೂ ಸಾಯುವುದಿಲ್ಲ. ಕೊರತೆಯಿರುವುದು ಪದದಲ್ಲಲ್ಲ, ಅಭ್ಯಾಸದಲ್ಲಿ.

2018ರ ಐ.ಪಿ.ಎಲ್. ಪಂದ್ಯಗಳು ಟೆಲಿವಿಷನ್ನಿನಲ್ಲಿ ಕನ್ನಡದಲ್ಲೂ ಕೇಳಿಬಂದವು. ಸಂತೋಷವೇ. ಆದರೆ ಆಡಿ ನಿವೃತ್ತರಾದವರಿಗೆಲ್ಲ ಮೈಕು ತಾನೇ ಒಲಿಯುತ್ತದೆಂಬ ನಂಬಿಕೆ ಅದರ ಜೊತೆಗೇ ಬೆಳೆದಿದೆ. ಚೆಂಡು ಏಕೆ ತಿರುಗಿತೆಂದು ಹೇಳಲು ಆಟಗಾರನಿರಲಿ. ಅವನ ಮಾತಿಗೆ ಬೆಲೆಯುಂಟು. ಆದರೆ ಮೈದಾನದ ಗಾಳಿ, ಕ್ಷೇತ್ರರಕ್ಷಕರು ನಿಂತ ಜಾಗ, ದಾಂಡಿಗನ ಹಿಂಜರಿಕೆ, ಸ್ಕೋರು, ಇವನ್ನು ಉಸಿರು ತಪ್ಪದೆ ಹೇಳುವುದು ಬೇರೆಯೇ ಕಸುಬು. ಕಿರುಚಿದರೆ ಅದು ಬರುವುದಿಲ್ಲ.

ಕಸುಬು ಎಂದ ಮೇಲೆ ಕಲಿಸುವವರು ಬೇಕು. ನಮ್ಮ ಬಾನುಲಿ ಕೇಂದ್ರಗಳೂ ವಿಶ್ವವಿದ್ಯಾನಿಲಯಗಳ ಪತ್ರಿಕೋದ್ಯಮ ವಿಭಾಗಗಳೂ ನಾಲ್ಕು ಹುಡುಗ ಹುಡುಗಿಯರನ್ನು ಆರಿಸಿ, ನೆಲಮಂಗಲದಂಥ ತಾಲೂಕು ಊರಿನ ಮೈದಾನದ ಅಂಚಿನಲ್ಲಿ ಕೂರಿಸಿ, ಭಾನುವಾರದ ಪಂದ್ಯವನ್ನು ಬಣ್ಣಿಸಲು ಹೇಳಲಿ. ಖರ್ಚು ಒಂದು ಮೈಕಿನದು.

ಪರೀಕ್ಷೆಯೂ ಸುಲಭ. ಓದುಗರೇ, ಮುಂದಿನ ಪಂದ್ಯದಲ್ಲಿ ಒಂದು ಓವರಿನಷ್ಟು ಹೊತ್ತು ಕಣ್ಣು ಮುಚ್ಚಿ ಕೇಳಿ. ಚೆಂಡು ಎಲ್ಲಿಗೆ ಹೋಯಿತೆಂದು ನಿಮಗೆ ತಿಳಿಯದಿದ್ದರೆ, ತೋಟದಲ್ಲಿರುವ ಆ ಮನುಷ್ಯನಿಗೆ ಆ ದಿನ ಯಾವ ಆಟವೂ ನಡೆದಿಲ್ಲ.