ಬೀರುವಿನಲ್ಲಿರೋ ಗೈಗರ್ ಕೌಂಟರ್ ಹೊರಗೆ ಬರಲಿ

ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಮಾಡೋ ನಮಗೆಲ್ಲ ಜಾರ್ಜ್ ಡಿ ಹೆವೆಶಿ ಹೀರೋ ಆಗಬೇಕಿತ್ತು. ಹಂಗೇರಿಯ ಈ ರಸಾಯನ ವಿಜ್ಞಾನಿ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಅವರ ಹತ್ತಿರ ಕೆಲಸ ಮಾಡುತ್ತಿದ್ದಾಗ, ಬಾಡಿಗೆ ಮನೆಯೊಡತಿ ಉಳಿದ ಊಟವನ್ನೇ ಹೊಸ ಅಡುಗೆ ಅಂತ ಮತ್ತೆ ಬಡಿಸುತ್ತಾಳೆ ಅನ್ನೋ ಅನುಮಾನ ಬಂತಂತೆ. ತಟ್ಟೆಯಲ್ಲಿ ಉಳಿದದ್ದಕ್ಕೆ ಚೂರು ವಿಕಿರಣಶೀಲ ವಸ್ತು ಬೆರೆಸಿ, ಮುಂದೆ ಬಂದ ಊಟವನ್ನು ಉಪಕರಣದಿಂದ ಪರೀಕ್ಷಿಸಿ ಗುಟ್ಟು ರಟ್ಟು ಮಾಡಿದರಂತೆ. ಇವತ್ತು ಇದನ್ನು ಯಾರೂ ಮಾಡಕೂಡದು, ನಮ್ಮ ಮೆಸ್ಸಿನ ಪಲ್ಯದ ಮೇಲೂ!

ಕಥೆ ನಗು ತರಿಸುತ್ತೆ. ಆದರೆ ಇದೇ ಉಪಾಯ ಘನವಸ್ತುಗಳ ಒಳಗೆ ಏನು ನಡೆಯುತ್ತೆ ಅಂತ ತಿಳಿಯುವ ದಾರಿಯನ್ನೂ ತೆರೆಯಿತು. ಸೀಸದಿಂದ 'ರೇಡಿಯಂ ಡಿ' ಎಂಬ ವಸ್ತುವನ್ನು ಬೇರ್ಪಡಿಸಿ ಅಂತ ರುದರ್‌ಫೋರ್ಡ್ ಹೇಳಿದ್ದರು. ಹೆವೆಶಿ ಎಷ್ಟು ತಿಣುಕಿದರೂ ಆಗಲಿಲ್ಲ. ಆಗೋದೂ ಇಲ್ಲ, ಯಾಕೆಂದರೆ ಅದೂ ಸೀಸವೇ, ಸೀಸ-210. ಬೇರ್ಪಡಿಸಲು ಆಗದಿದ್ದರೆ, ಸೀಸ ಹೋದಲ್ಲೆಲ್ಲ ಅದೂ ಹೋಗಬೇಕಲ್ಲ? 1913ರಲ್ಲಿ ಪಾನೆತ್ ಜೊತೆ ಸೇರಿ ಅದನ್ನೇ ಗುರುತಿನ ಪರಮಾಣುವಾಗಿ ಬಳಸಿದರು. ಒಂದೇ ಸಮವಸ್ತ್ರದ ಸಾವಿರ ಜನರಲ್ಲಿ ಒಬ್ಬನ ಕಾಲಿಗೆ ಗೆಜ್ಜೆ ಕಟ್ಟಿದ ಹಾಗೆ. 1920ರ ದಶಕದ ಆರಂಭದಲ್ಲಿ, ಗಟ್ಟಿ ಸೀಸದ ಒಳಗೇ ಸೀಸದ ಪರಮಾಣುಗಳು ಓಡಾಡುವುದನ್ನು ಹೀಗೆ ಅಳೆದರು. 1943ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ವಿಧಾನಕ್ಕೆ.

ಈಗ ನಮ್ಮ ಕ್ಲಾಸಿಗೆ ಬರೋಣ. ಮಟೀರಿಯಲ್ಸ್ ಸೈನ್ಸ್‌ನಲ್ಲಿ ಡಿಫ್ಯೂಷನ್ ಪಾಠ ಎಲ್ಲರೂ ಓದಿದ್ದೇವೆ. ಫಿಕ್ ನಿಯಮ ಬರೆದು, 'ಡಿ ಬೆಲೆ ಇಷ್ಟು' ಅಂತ ಕೊಟ್ಟದ್ದನ್ನು ಹಾಕಿ, ಹತ್ತು ಅಂಕ ತಗೊಂಡು ಎದ್ದು ಬರುತ್ತೇವೆ. ಆ ಡಿ ಬೆಲೆ ಎಲ್ಲಿಂದ ಬಂತು ಅಂತ ನಾವು ಕೇಳಿಲ್ಲ, ನಮಗೆ ಯಾರೂ ಹೇಳಿಯೂ ಇಲ್ಲ. ತಾಮ್ರದೊಳಗೆ ತಾಮ್ರ ಚಲಿಸಿದರೆ ಯಾವ ರಾಸಾಯನಿಕ ಪರೀಕ್ಷೆಗೂ ಅದು ಗೊತ್ತಾಗಲ್ಲ, ಎರಡೂ ಒಂದೇ. ಅಲ್ಲೇ ಐಸೋಟೋಪ್ ಬೇಕು.

ವಿಧಾನ ಸರಳ. ಲೋಹದ ತುಂಡಿನ ಒಂದು ಮುಖಕ್ಕೆ ವಿಕಿರಣಶೀಲ ಐಸೋಟೋಪಿನ ತೆಳು ಲೇಪ ಕೊಡಬೇಕು. ಕುಲುಮೆಯಲ್ಲಿ ಗೊತ್ತಾದ ಉಷ್ಣತೆಯಲ್ಲಿ, ಗೊತ್ತಾದ ಹೊತ್ತು ಇಡಬೇಕು. ಆಮೇಲೆ ಪದರ ಪದರವಾಗಿ ಕೆರೆದು, ಒಂದೊಂದು ಪದರದ ವಿಕಿರಣವನ್ನು ಎಣಿಸಬೇಕು. ಆಳದ ವರ್ಗಕ್ಕೆ ಎದುರಾಗಿ ಎಣಿಕೆಯ ಲಾಗರಿದಮ್ ಗುರುತಿಸಿದರೆ ಸರಳರೇಖೆ ಬರುತ್ತೆ. ಅದರ ಇಳಿಜಾರಿನಲ್ಲೇ ಡಿ ಇದೆ. 1000 ಕೆಲ್ವಿನ್‌ನಲ್ಲಿ ಒಂದು ದಿನ ಇಟ್ಟರೂ ತಾಮ್ರದೊಳಗೆ ತಾಮ್ರ ಸರಿಯುವುದು ಸುಮಾರು 20 ಮೈಕ್ರೋಮೀಟರ್, ಕೂದಲಿನ ಅರ್ಧ ದಪ್ಪವೂ ಅಲ್ಲ. ಮೇಲಾಗಿ ತಾಮ್ರ-64ರ ಅರ್ಧಾಯುಷ್ಯ ಬರೀ 12.7 ಗಂಟೆ, ಅಳೆಯುವವರು ಗಡಿಯಾರದ ಜೊತೆ ಓಡಬೇಕು. ಪುಸ್ತಕದ ಒಂದು ಸಂಖ್ಯೆಯ ಹಿಂದೆ ಇಷ್ಟು ಬೆವರಿದೆ.

ಇದು ಹಳೇ ಕಥೆ ಅಂತ ಅನ್ನಬೇಡಿ. 1958ರಲ್ಲಿ ರುಡಾಲ್ಫ್ ಮಾಸ್‌ಬವರ್ ಕಂಡುಕೊಂಡ ಪರಿಣಾಮವನ್ನೇ ನೋಡಿ. ಕೋಬಾಲ್ಟ್-57 ಕ್ಷಯಿಸಿ ಕೊಡುವ 14.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಗಾಮಾ ಕಿರಣದಿಂದ, ಕಬ್ಬಿಣದ ಪರಮಾಣು ತನ್ನ ಸುತ್ತ ಎಂಥ ನೆರೆಹೊರೆ ಇಟ್ಟುಕೊಂಡಿದೆ ಅಂತ ತಿಳಿಯಬಹುದು. ಉಕ್ಕಿನಲ್ಲಿ ಉಳಿದ ಆಸ್ಟೆನೈಟ್ ಎಷ್ಟು ಅಂತಲೂ ಅಳೆಯಬಹುದು. 2004ರಲ್ಲಿ ಮಂಗಳದಲ್ಲಿ ಇಳಿದ ಆಪರ್ಚುನಿಟಿ ರೋವರ್ ಇದೇ ಉಪಕರಣದಿಂದ ಜರೋಸೈಟ್ ಖನಿಜವನ್ನು ಗುರುತಿಸಿತು. ಅಲ್ಲಿ ಒಂದು ಕಾಲಕ್ಕೆ ನೀರಿತ್ತು ಅನ್ನೋದಕ್ಕೆ ಅದೊಂದು ಗಟ್ಟಿ ಸಾಕ್ಷಿ. ಕೋಬಾಲ್ಟ್-57ರ ಅರ್ಧಾಯುಷ್ಯ ಸುಮಾರು 272 ದಿನ, ಹಾಗಾಗಿ ವರ್ಷ ಕಳೆದಂತೆ ಒಂದೊಂದು ಅಳತೆಗೂ ಹೆಚ್ಚು ಹೊತ್ತು ಹಿಡಿಯಿತು.

ಹಾಗಿದ್ದರೆ ನಾವು ಯಾಕೆ ಇದರಿಂದ ದೂರ? ಭಯದಿಂದ. 'ರೇಡಿಯೋಆ್ಯಕ್ಟಿವ್' ಅಂದ ಕೂಡಲೇ ಬೀರುವಿಗೆ ಬೀಗ. ಭಯಕ್ಕೆ ಕಾರಣ ಇಲ್ಲ ಅಂತ ನಾವು ಹೇಳುತ್ತಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ, ವಿಶ್ವವಿದ್ಯಾಲಯದ ಲ್ಯಾಬೊಂದರಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಕೋಬಾಲ್ಟ್-60 ಉಪಕರಣ ಹರಾಜಾಗಿ ಹೋಯಿತು. ಅದನ್ನು ಬಿಚ್ಚಿದವರು ನರಳಿದರು, ಒಬ್ಬರು ಸತ್ತರು. ಆದರೆ ಆ ದುರಂತ ಆದದ್ದು ವಿಕಿರಣದ ಬಗ್ಗೆ ಜಾಸ್ತಿ ಕಲಿತದ್ದರಿಂದಲ್ಲ. ಅದೇನು ಅಂತ ನೆನಪಿಟ್ಟುಕೊಳ್ಳುವವರು ಇಲ್ಲದೆ ಹೋದದ್ದರಿಂದ. ಬೀಗ ಹಾಕಿ ಮರೆತದ್ದೇ ಅಲ್ಲಿ ಅಪಾಯ ಆಯಿತು.

ನಾಳೆ ನಮ್ಮಲ್ಲಿ ಕೆಲವರು ಪೈಪ್‌ಲೈನ್ ಬೆಸುಗೆಗಳನ್ನು ಇರಿಡಿಯಂ-192 ಇಟ್ಟು ತಪಾಸಣೆ ಮಾಡುವ ಸೈಟಿನಲ್ಲಿ ನಿಲ್ಲುತ್ತೇವೆ. ದೂರ ಎರಡರಷ್ಟಾದರೆ ವಿಕಿರಣ ನಾಲ್ಕನೇ ಒಂದು ಪಾಲಾಗುತ್ತೆ ಅನ್ನೋದನ್ನು ಅಲ್ಲಿಯೇ ಮೊದಲ ಸಲ ಕಲಿಯೋದಾ?

ನಾವು ದೊಡ್ಡದೇನೂ ಕೇಳುತ್ತಿಲ್ಲ. ತೆರೆದ ಟ್ರೇಸರ್ ಪ್ರಯೋಗ ಬಿಇ ಲ್ಯಾಬಿನಲ್ಲಿ ಬೇಡ, ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಸೀಲ್ ಮಾಡಿದ, ಕಡಿಮೆ ಶಕ್ತಿಯ, ನಿಯಮದ ಪ್ರಕಾರ ತಂದ ಒಂದು ಮೂಲ ಸಾಕು. ಗೈಗರ್ ಕೌಂಟರ್ ಎದುರು ಅಲ್ಯೂಮಿನಿಯಂ ಹಾಳೆಗಳನ್ನು ಒಂದೊಂದಾಗಿ ಇಟ್ಟು ಎಣಿಕೆ ಇಳಿಯೋದನ್ನು ನಾವೇ ನೋಡಬೇಕು. ಕೆಲಸ ಮುಗಿದ ಮೇಲೆ ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿ, ಒಳಗಿಡೋದನ್ನೂ ಕಲಿಯಬೇಕು. ಡಿಫ್ಯೂಷನ್ ಪಾಠದಲ್ಲಿ ಡಿ ಬೆಲೆ ಕೊಡುವ ಬದಲು ಪದರ ಪದರದ ಎಣಿಕೆಗಳನ್ನು ಕೊಟ್ಟು, 'ನೀವೇ ಕಂಡುಹಿಡೀರಿ' ಅನ್ನಲಿ. ಅದಕ್ಕೆ ಒಂದು ಗ್ರಾಫ್ ಶೀಟ್ ಬಿಟ್ಟರೆ ಬೇರೆ ಖರ್ಚಿಲ್ಲ.

ಹೆವೆಶಿಗೆ ಕೊಟ್ಟ ಕೆಲಸ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಅವರು ಯೋಚಿಸಿದ್ದಕ್ಕೆ ನಮಗೆ ಈ ವಿಧಾನ ಸಿಕ್ಕಿತು. ನಮಗೂ ಹಾಗೆ ಯೋಚಿಸೋಕೆ ಒಂದು ಅವಕಾಶ ಕೊಡಿ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆಯೋ, ಅವರು ಇದನ್ನು ಓದುತ್ತಾರೆ ಅಂತ ನಂಬಿದ್ದೇವೆ.