ಭಾರದ ಸವಾರ, ಕುಸಿಯುವ ಶಾಕ್: ಖರ್ಚು ಎಲ್ಲಿಂದ ಆರಂಭವಾಗಬೇಕು?

ಸಿದ್ದಾಪುರ: ಮೋಟಾರು ಬೈಕಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಕೊಡಗಿನ ಮಳೆಯಲ್ಲಿ ಕಿತ್ತುಹೋದ ರಸ್ತೆಗಳಲ್ಲಿ ನಿತ್ಯ ಓಡಾಡುವವರಿಗೆ ಇದೊಂದು ಸಣ್ಣ ಸಮಾಧಾನ. ಆದರೆ ಶಾಕ್ ಅಬ್ಸಾರ್ಬರ್ ಅಗ್ಗವಾಯಿತೆಂದು ಹೊಸ ಜೋಡಿ ತಂದು ಹಾಕಿಸಿದ ಮಾತ್ರಕ್ಕೆ ತೊಂಬತ್ತು, ನೂರು ಕಿಲೋ ತೂಗುವ ಸವಾರನ ಕಷ್ಟ ತೀರುವುದೇ?

ಕಷ್ಟದ ಮೂಲ ಲೆಕ್ಕದಲ್ಲಿದೆ. ವಾಹನ ಪರೀಕ್ಷೆಯ ಮಾನದಂಡಗಳು ಸವಾರನ ತೂಕವನ್ನು ಸಾಮಾನ್ಯವಾಗಿ 75 ಕಿಲೋ ಎಂದು ಎಣಿಸುತ್ತವೆ. ನೂರು ಸಿ.ಸಿ. ವರ್ಗದ ಜನಪ್ರಿಯ ಬೈಕುಗಳು ಹೊರಬಲ್ಲ ಒಟ್ಟು ಭಾರ ಸುಮಾರು 130 ಕಿಲೋ. 95 ಕಿಲೋದ ಸವಾರ 60 ಕಿಲೋದ ಪತ್ನಿಯನ್ನು ಕೂರಿಸಿಕೊಂಡು ಸಂತೆಗೆ ಹೊರಟರೆ, ಚೀಲಕ್ಕೆ ಒಂದು ತರಕಾರಿ ಬೀಳುವ ಮೊದಲೇ 25 ಕಿಲೋ ಹೆಚ್ಚಾಗಿರುತ್ತದೆ. ಇನ್ನು ಕಾಫಿ ಚೀಲವನ್ನೂ ಹೇರಿದರೆ ಹೇಳುವುದೇನು!

ಹಿಂಭಾಗ ಕುಸಿದಾಗ ಬೆನ್ನು ನೋಯುವುದು ಎಲ್ಲರಿಗೂ ತಿಳಿದ ವಿಷಯ. ಅದಕ್ಕಿಂತ ಗಂಭೀರವಾದ ಪರಿಣಾಮ ದೀಪದ್ದು. ಹಿಂಬದಿ ತಗ್ಗಿದಷ್ಟೂ ಮುಂದಿನ ದೀಪ ಮೇಲಕ್ಕೆ ನೋಡುತ್ತದೆ. ಬೆಳಕು ರಸ್ತೆಯನ್ನು ಬಿಟ್ಟು ಮರದ ತುದಿಯನ್ನು ಹುಡುಕುತ್ತದೆ. ತೋಟದಿಂದ ತೋಟಕ್ಕೆ ಕಾಡಾನೆ ರಸ್ತೆ ದಾಟುವ ಸಿದ್ದಾಪುರದ ಸುತ್ತಮುತ್ತ ಇದು ಸೌಕರ್ಯದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಜೊತೆಗೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಕಾವೇರಿ ಸೇತುವೆ ದಾಟಿ ನೆಲ್ಯಹುದಿಕೇರಿ, ಚೆಟ್ಟಳ್ಳಿಗಳ ಮೂಲಕ ಮಡಿಕೇರಿಗೆ ಏರುವ ತಿರುವುಗಳಲ್ಲಿ, ಅದರಲ್ಲೂ ಒದ್ದೆ ರಸ್ತೆಯಲ್ಲಿ, ಆ ಚಕ್ರದ ಹಿಡಿತವೇ ಆಧಾರ.

ಹಾಗಾದರೆ ಕಡಿಮೆ ಹಣದವರು ಏನು ಮಾಡಬೇಕು? ಮೊದಲ ಕೆಲಸಕ್ಕೆ ಬೇಕಿರುವುದು ಒಂದು ಅಳತೆ ಟೇಪು ಮತ್ತು ಒಬ್ಬ ಗೆಳೆಯ. ಹಿಂದಿನ ಚಕ್ರ ಗಾಳಿಯಲ್ಲಿ ನಿಲ್ಲುವಂತೆ ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಬೇಕು. ಬಳಿಕ ಸ್ಟ್ಯಾಂಡಿನಿಂದ ಇಳಿಸಿ, ಸವಾರ ಪೂರ್ಣ ಭಾರ ಬಿಟ್ಟು ಕುಳಿತಾಗ ಮತ್ತೆ ಅಳೆಯಬೇಕು. ಈ ಎರಡರ ಅಂತರ ಚಕ್ರದ ಒಟ್ಟು ಚಲನೆಯ ಮೂರನೇ ಒಂದು ಭಾಗದ ಒಳಗಿದ್ದರೆ ಚಿಂತೆಯಿಲ್ಲ. ಚಲನೆ 90 ಮಿ.ಮೀ. ಇದ್ದು, ಸವಾರ ಕುಳಿತೊಡನೆಯೇ 45 ಮಿ.ಮೀ. ಹೋದರೆ ಗುಂಡಿಗೆ ಉಳಿಯುವುದು ಅರ್ಧ ಮಾತ್ರ.

ಬಹುತೇಕ ಬೈಕುಗಳ ಹಿಂದಿನ ಶಾಕ್‌ನ ಕೆಳಗೆ ಮೆಟ್ಟಿಲುಗಳಿರುವ ಉಂಗುರವಿದೆ. ಅದನ್ನು ತಿರುಗಿಸುವುದಕ್ಕೆ ಕಾಸು ಬೇಕಿಲ್ಲ. ಆದರೂ ಎಷ್ಟೋ ಬೈಕುಗಳಲ್ಲಿ ಅದು ಕೊಂಡ ದಿನದ ಮೆಟ್ಟಿಲಿನಲ್ಲೇ ತುಕ್ಕು ಹಿಡಿದಿರುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯೂ ಇದೆ: ಉಂಗುರ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕಿನ ಕುಳಿತ ಎತ್ತರ ಮಾತ್ರ ಮೇಲೇರುತ್ತದೆ. ಕೊನೆಯ ಮೆಟ್ಟಿಲಿನಲ್ಲೂ ಕುಸಿತ ಮಿತಿ ಮೀರಿದರೆ ಆ ಸ್ಪ್ರಿಂಗ್ ಆ ಸವಾರನಿಗಲ್ಲ ಎಂದೇ ಅರ್ಥ. ಆಗಲೇ ಹಣ ತೆಗೆಯಬೇಕು, ಅದೂ ಜೋಡಿಯಾಗಿ. ಒಂದೇ ಬದಿಗೆ ಹೊಸ ಶಾಕ್ ಹಾಕಿಸುವುದು ಉಳಿತಾಯವಲ್ಲ.

ಮುಂದಿನ ಫೋರ್ಕ್‌ನದು ಬೇರೆಯೇ ಕಥೆ. ವರ್ಷಗಟ್ಟಲೆ ಬದಲಾಗದ ಆಯಿಲ್ ತೆಳುವಾಗಿ, ಸೀಲ್ ಸೋರಿ, ಬ್ರೇಕ್ ಹಿಡಿದೊಡನೆ ಮೂತಿ ಮುಗ್ಗರಿಸುತ್ತದೆ. ಆಯಿಲ್ ಮತ್ತು ಸೀಲ್‌ಗೆ ತಗಲುವುದು ಕೆಲವು ನೂರು ರೂಪಾಯಿ. ಹಳೆಯ ಬೈಕಿಗೆ ಇದಕ್ಕಿಂತ ಲಾಭದ ಖರ್ಚು ಮತ್ತೊಂದಿಲ್ಲ. ದಪ್ಪ ಆಯಿಲ್ ಹಾಕಿದರೆ ಭಾರ ತಡೆಯುತ್ತದೆ ಎಂಬ ಗ್ಯಾರೇಜಿನ ಮಾತನ್ನು ಮಾತ್ರ ಅರ್ಧ ನಂಬಬೇಕು. ಆಯಿಲ್ ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಓಟವನ್ನು ನಿಧಾನ ಮಾಡುತ್ತದೆ, ಅಷ್ಟೆ. ಅತಿ ದಪ್ಪವಾದರೆ ಒಂದು ಗುಂಡಿಯಿಂದ ಫೋರ್ಕ್ ಮೇಲೇಳುವ ಮೊದಲೇ ಮುಂದಿನ ಗುಂಡಿ ಬಂದಿರುತ್ತದೆ. ಟೈರಿನ ಗಾಳಿ, ಸ್ವಿಂಗ್ ಆರ್ಮ್‌ನ ಬುಷ್ ನೋಡದೆ ಶಾಕ್ ಅನ್ನು ದೂರುವುದೂ ಸಾಮಾನ್ಯ.

ಕಾನೂನಿನ ಮಾತೂ ಇದೆ. ವಾಹನದ ಮೂಲ ಲಕ್ಷಣ ಬದಲಿಸುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಅದೇ ಉದ್ದದ, ಅದೇ ಜಾಗದಲ್ಲಿ ಕೂರುವ ಶಾಕ್ ಬದಲಿಸುವುದನ್ನು ಈ ಸಾಲಿಗೆ ಸೇರಿಸುವುದು ಕಷ್ಟ. ಚೌಕಟ್ಟು ಕೊಯ್ದು, ವೆಲ್ಡಿಂಗ್ ಮಾಡಿಸಿ, ಎರಡು ಶಾಕ್‌ನ ಬೈಕಿಗೆ ನಡುವೆ ಒಂದೇ ಶಾಕ್ ಕೂರಿಸುವ ಹುಡುಗರ ಹವ್ಯಾಸದ ಮಾತು ಬೇರೆ.

ಗಟ್ಟಿ ಸ್ಪ್ರಿಂಗ್ ಬೈಕಿನ ಬೆನ್ನನ್ನು ಎತ್ತಿ ಹಿಡಿಯಬಹುದು. ಆದರೆ 130 ಕಿಲೋದ ಮಿತಿಯನ್ನು ಅದು ಏರಿಸಲಾರದು. ಚೌಕಟ್ಟು, ಚಕ್ರ, ಬ್ರೇಕು, ಟೈರು ಎಲ್ಲವೂ ಹಳೆಯ ಲೆಕ್ಕದವೇ. ಆ ಲೆಕ್ಕ ಮೀರಿದ ದಿನ ಸಿದ್ದಾಪುರದಿಂದ ಅಮ್ಮತ್ತಿಗೆ ಹೋಗಬೇಕಾದ ಚೀಲಕ್ಕೆ ಆಟೊ ಬಾಡಿಗೆಯೇ ಅಗ್ಗ.