ಕೇಂದ್ರದ ಪ್ರಯೋಗಾಲಯ ನಮ್ಮದೂ ಹೌದು

ಸಂಘದ ಉಳಿತಾಯದ ಹಣದಿಂದ ನಮ್ಮದೇ ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯ ತೆರೆಯಬೇಕೆಂಬ ಸಲಹೆ ಸದಸ್ಯರಿಂದ ಬಂದಿದೆ. ಮುಂದಿನ ಮಹಾಸಭೆಯಲ್ಲಿ ಇದರ ತೀರ್ಮಾನವಾಗಬೇಕು. ಸಲಹೆಯ ಹಿಂದಿನ ಕಾಳಜಿ ಮೆಚ್ಚತಕ್ಕದ್ದು. ಆದರೂ ಹಣ ಹಾಕುವ ಮೊದಲು, ಈಗಾಗಲೇ ಇರುವ ಪ್ರಯೋಗಾಲಯಗಳನ್ನು ನಾವು ಎಷ್ಟರಮಟ್ಟಿಗೆ ಬಳಸಿಕೊಂಡಿದ್ದೇವೆ ಎಂದು ವಿಚಾರ ಮಾಡುವುದು ಒಳ್ಳೆಯದು.

ಬಾಳೆಹೊನ್ನೂರಿನಲ್ಲಿ ಆಗಿನ ಮೈಸೂರು ಸರ್ಕಾರ 1925ರಲ್ಲೇ ಕಾಫಿ ಪ್ರಯೋಗ ಕೇಂದ್ರ ಸ್ಥಾಪಿಸಿತು. ಅದೇ ಇಂದು ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಅದರ ಉಪಕೇಂದ್ರವಿದೆ. ಅಡಿಕೆಗಾಗಿ ವಿಟ್ಲದಲ್ಲಿ 1956ರಲ್ಲಿ ಸ್ಥಾಪನೆಯಾದ ಕೇಂದ್ರ 1970ರಿಂದ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದೆ. ಎಸ್. 795 ಕಾಫಿ ತಳಿಯನ್ನು ಬಾಳೆಹೊನ್ನೂರು ಕೊಟ್ಟಿತು, ಮಂಗಳ ಅಡಿಕೆಯನ್ನು 1972ರಲ್ಲಿ ವಿಟ್ಲ ಕೊಟ್ಟಿತು. ಬೀಜಕ್ಕೆ, ಸಸಿಗೆ ಸಾಲು ನಿಂತ ನಾವು ಅಲ್ಲಿಯ ಪ್ರಯೋಗಾಲಯದ ಬಾಗಿಲು ತಟ್ಟಿದ್ದು ಅಪರೂಪ.

ಇದರಿಂದಾಗುವ ನಷ್ಟ ಸಣ್ಣದಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಎಕರೆಗೆ 550 ಮರವೆಂದರೆ ಪೊಟ್ಯಾಷ್ ಒಂದೇ 77 ಕೆ.ಜಿ., ಅಂದರೆ ಎರಡೂವರೆ ಮೂಟೆಗೂ ಮೇಲ್ಪಟ್ಟು ಮ್ಯೂರಿಯೇಟ್. ನಮ್ಮ ಮಣ್ಣಿಗೆ ಅಷ್ಟು ಬೇಕೋ, ಕಡಿಮೆ ಸಾಕೋ, ಇನ್ನೂ ಹೆಚ್ಚು ಬೇಕೋ ಎಂಬುದನ್ನು ಅಂಗಡಿಯವರು ಹೇಳಲಾರರು. ಸುಣ್ಣದ ಮಾತೂ ಹೀಗೆಯೇ. ರಸಸಾರ 6ರಿಂದ 5ಕ್ಕೆ ಇಳಿಯಿತೆಂದರೆ ಮಣ್ಣಿನ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. ಮಲೆನಾಡಿನ ಮಳೆ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ, ನಿಜ. ಹಾಗೆಂದು ಅಂದಾಜಿನಲ್ಲಿ ಸುಣ್ಣ ಸುರಿದರೆ ಸತು, ಕಬ್ಬಿಣದಂಥ ಅಂಶಗಳು ಗಿಡಕ್ಕೆ ದಕ್ಕದಂತಾಗುತ್ತವೆ. ಎರಡು ಎಕರೆಯ ಬೆಳೆಗಾರನಿಗೆ ಈ ಅಂದಾಜಿನ ಬೆಲೆ ದೊಡ್ಡದು.

ಹಾಗಾದರೆ ಸ್ವಂತ ಪ್ರಯೋಗಾಲಯ ಏಕೆ ಬೇಡ? ರಸಸಾರ ನೋಡುವುದು ಸುಲಭ. ಆದರೆ ವರ್ಷಗಟ್ಟಲೆ ಬೋರ್ಡೋ ಹೊಡೆದ ತೋಟದಲ್ಲಿ ತಾಮ್ರ ಎಷ್ಟು ಸೇರಿದೆ, ಸತು ಎಷ್ಟು ಉಳಿದಿದೆ ಎಂದು ನಿಖರವಾಗಿ ಅಳೆಯುವ ಯಂತ್ರ ಬೇರೆಯೇ. ಅದಕ್ಕೆ ಒಂದೊಂದು ಧಾತುವಿಗೂ ಪ್ರತ್ಯೇಕ ದೀಪ, ಉರಿಸಲು ಅಸಿಟಿಲೀನ್ ಅನಿಲ, ನಡೆಸಲು ನುರಿತ ರಸಾಯನ ಪದವೀಧರ, ಏರಿಳಿತವಿಲ್ಲದ ವಿದ್ಯುತ್ತು ಬೇಕು. ನಮ್ಮ ಮಾದರಿಗಳು ಬರುವುದು ವರ್ಷದಲ್ಲಿ ಒಂದೆರಡು ತಿಂಗಳು. ಉಳಿದ ಕಾಲವೆಲ್ಲ ಯಂತ್ರ ಮಳೆಗಾಲದ ಥಂಡಿಯಲ್ಲಿ ಬೂಷ್ಟು ಹಿಡಿದು ಕೂರಬೇಕಷ್ಟೆ. ಸಂಘ ಸ್ವಂತಕ್ಕೆ ಕೊಳ್ಳಬೇಕಾದದ್ದು ಕಾಫಿಯ ತೇವ ಅಳೆಯುವ ಮೀಟರನ್ನು. ಕಣದಲ್ಲಿ ಕಾಫಿ ಒಣಗುವಾಗ ಅದು ದಿನವೂ ಬೇಕಾಗುವ ವಸ್ತು. ದಿನವೂ ಬೇಕಾದದ್ದು ನಮ್ಮಲ್ಲಿರಲಿ, ವರ್ಷಕ್ಕೊಮ್ಮೆ ಬೇಕಾದದ್ದನ್ನು ಹಂಚಿಕೊಳ್ಳೋಣ.

ದೂರ, ವಿಳಂಬ, ಸಿಬ್ಬಂದಿಯ ಉದಾಸೀನ ಎಂಬ ದೂರುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಮಳೆ ಹಿಡಿದು ಗೊಬ್ಬರದ ಕಾಲ ಮುಗಿದ ಮೇಲೆ ಕೈಸೇರಿದ ವರದಿಯನ್ನು ನಾನೂ ಕಂಡಿದ್ದೇನೆ. ಆದರೆ ಎಲ್ಲರೂ ಮಳೆಗೆ ವಾರವಿರುವಾಗ ಒಮ್ಮೆಗೇ ಹೋದರೆ, ಅದರಲ್ಲೂ ಹೆಸರು ಬರೆಯದ ಗೊಬ್ಬರದ ಚೀಲದಲ್ಲಿ ಹಸಿಮಣ್ಣು ಒಯ್ದರೆ, ಪ್ರಯೋಗಾಲಯದವರು ಏನು ಮಾಡಿಯಾರು? ಚೀಲದಲ್ಲಂಟಿದ ಯೂರಿಯಾ ಕೂಡ ಪರೀಕ್ಷೆಗೆ ಸಿಕ್ಕುತ್ತದೆ, ಅಷ್ಟೆ.

ಮಾದರಿ ತೆಗೆಯುವುದೇ ಅರ್ಧ ಪರೀಕ್ಷೆ. ಗೊಬ್ಬರ ಅಥವಾ ಸುಣ್ಣ ಹಾಕಿ ಎರಡು-ಮೂರು ತಿಂಗಳು ಕಳೆದಿರಬೇಕು. ಏರು, ತಗ್ಗು, ಹೊಸ ನೆಡುತೋಪು ಬೇರೆ ಬೇರೆ ಮಾದರಿಗಳಾಗಲಿ. ದರಗು ಸರಿಸಿ, ಕಾಫಿಯಲ್ಲಿ ಸುಮಾರು 9 ಅಂಗುಲ ಆಳಕ್ಕೆ ಇಳಿಜಾರು ಗುಂಡಿ ತೋಡಿ, ಅದರ ಅಂಚಿನಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಮಣ್ಣು ಕೆತ್ತಬೇಕು. ಹೀಗೆ ಹತ್ತು-ಹದಿನೈದು ಕಡೆಯ ಮಣ್ಣನ್ನು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲುತ್ತ ಬಂದು ಅರ್ಧ ಕೆ.ಜಿ. ಉಳಿಸಿಕೊಂಡು ನೆರಳಲ್ಲಿ ಒಣಗಿಸಬೇಕು. ಗೊಬ್ಬರಗುಂಡಿಯ ಬದಿ, ದಾರಿಯ ಬದಿ, ಚರಂಡಿ ಬೇಡ. ರೋಗದ ಮಾದರಿಗೆ ಪ್ಲಾಸ್ಟಿಕ್ ಚೀಲ ಸಲ್ಲದು. ಒಳಗೆ ಬೆವೆತು ಬೇರೆ ಬೂಷ್ಟುಗಳೇ ಬೆಳೆದುಬಿಡುತ್ತವೆ. ಪೂರ್ತಿ ಕೊಳೆತದ್ದನ್ನು ಬಿಟ್ಟು, ರೋಗ ಈಗಷ್ಟೇ ಹಬ್ಬುತ್ತಿರುವ ಭಾಗವನ್ನು ಕಾಗದದಲ್ಲಿ ಸುತ್ತಿ ಅದೇ ದಿನ ತಲುಪಿಸಬೇಕು.

ಇನ್ನು ಕೇಂದ್ರಗಳಲ್ಲಿ ನಾವು ಕೇಳಬೇಕಾದದ್ದೂ ಇದೆ. ಸಂಘಕ್ಕೆ ತಿಂಗಳಿಗೊಂದು ಗೊತ್ತಾದ ದಿನ, ವರದಿಗೆ ಖಚಿತ ತಾರೀಖು, ಕನ್ನಡದಲ್ಲಿ ಬರೆದ ಶಿಫಾರಸು. ಸಾಧ್ಯವಾದರೆ, ನಮ್ಮ ಮಾದರಿಗಳನ್ನು ಕುಟ್ಟಿ ಜರಡಿ ಹಿಡಿಯಲು ಒಂದು ಮೇಜು. ಆ ಕೆಲಸಕ್ಕೆ ನಮ್ಮ ಯುವಕ ಯುವತಿಯರಲ್ಲಿ ಇಬ್ಬರನ್ನು ತರಬೇತಿಗೊಳಿಸಿದರೆ ಅಲ್ಲಿಯವರ ಹೊರೆಯೂ ಇಳಿದೀತು. ಅಂಥ ಮೇಜು ಸಿಕ್ಕಿದರೆ ಅದರ ಶಿಸ್ತೂ ನಮ್ಮ ಪಾಲಿಗೆ ಬರುತ್ತದೆ. ತೂಕದ ತಕ್ಕಡಿಯನ್ನು ಜಾಗದಿಂದ ಕದಲಿಸಬಾರದು, ಬಿಸಿ ಪದಾರ್ಥವನ್ನು ಅದರ ಮೇಲಿಡಬಾರದು. ರಸಸಾರ ಮೀಟರಿನ ಗಾಜಿನ ಕಡ್ಡಿಯನ್ನು ಒಣಗಲು ಬಿಡಬಾರದು. ಬಳಸಿದ ಗಾಜಿನ ಸಾಮಾನು ತೊಳೆದಿಟ್ಟು, ಒಡೆದದ್ದನ್ನು ಮುಚ್ಚಿಡದೆ ಪುಸ್ತಕದಲ್ಲಿ ಬರೆಯಬೇಕು. ಅಲ್ಲಿ ಎಲೆ-ಅಡಿಕೆ, ತಿಂಡಿ ಕೂಡದು. ಮುಂದಿನವನಿಗೆ ಸುಸ್ಥಿತಿಯಲ್ಲಿ ಬಿಟ್ಟುಕೊಡುವುದು ನಮಗೆ ಹೊಸ ಪಾಠವೇನಲ್ಲ. ಸರದಿಯ ಮೇಲೆ ತೋಡಿನ ನೀರು ಹಂಚಿಕೊಂಡು ಅಡಿಕೆ ಬೆಳೆದವರು ನಾವು.

ಆದಕಾರಣ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಕಟ್ಟಡಕ್ಕೂ ಯಂತ್ರಕ್ಕೂ ಈ ಹಣ ಬೇಡ. ಮಾದರಿ ಸಂಗ್ರಹ, ಸಾಗಣೆ, ಪರೀಕ್ಷಾ ಶುಲ್ಕದ ಒಂದು ಪಾಲು ಮತ್ತು ಇಬ್ಬರ ತರಬೇತಿಗೆ ಅದನ್ನು ಮೀಸಲಿಡೋಣ. ಪ್ರತಿಯೊಬ್ಬ ಸದಸ್ಯನ ತೋಟದ ವರದಿಯನ್ನೂ ಸಂಘದ ವಹಿಯಲ್ಲಿ ಬರೆದಿಟ್ಟು, ಎರಡು-ಮೂರು ವರ್ಷಕ್ಕೊಮ್ಮೆ ಹೋಲಿಸಿ ನೋಡೋಣ. ಮಹಾಸಭೆಗೆ ತಪ್ಪದೆ ಬನ್ನಿ. ಭಿನ್ನಾಭಿಪ್ರಾಯವಿದ್ದರೆ ಅಲ್ಲಿ ನಿಸ್ಸಂಕೋಚವಾಗಿ ಹೇಳಿ.

— ಕಾರ್ಯದರ್ಶಿ